ಕಂಪ್ಯೂಟರ್ ಮೆಷಿನ್ ಬಂದಮೇಲೆ ಕೈಯಲ್ಲಿ ಕೌದಿ ಹೊಲಿಯುವುದು ಉಳಿಯುತ್ತದಾ? ಅಮ್ಮನಿಗೆ ಸಾಲ ಮಾಡಿ ಮೆಷಿನ್ ಕೊಡಿಸಲಾ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು. ಅಮ್ಮನ ಕೌದಿಗೆ ಹೋಂಸ್ಟೇಯಿಂದ ಆರ್ಡರ್ ಬಂದಿದೆ, ಸಂಘದಲ್ಲಿ ಸಾಲ ತೆಗೆದು ಹೊಲಿಗೆಯ ಕಂಪ್ಯೂಟರ್ ಮೆಷಿನ್ ಕೊಡಿಸಲಾ, ಹೇಗಿದ್ದರೂ ಹತ್ತು ವರ್ಷದಲ್ಲಿ ಅಮ್ಮನ ಕೆಲಸವನ್ನು ಮೆಷಿನ್ನೇ ಮಾಡುತ್ತದಲ್ಲ ಅಂತ ಕೇಳಿದ್ದೀರಿ. 2018ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ.

ನಮ್ಮೂರು ಸಕಲೇಶಪುರದ ಹತ್ತಿರ. ನಮ್ಮತ್ತೆ ಹಳೆ ಸೀರೆ, ಪಂಚೆ ಸೇರಿಸಿ ಕೌದಿ ಹೊಲಿಯುತ್ತಿದ್ದರು. ಮನೆಕೆಲಸದ ನಡುವೆ ಒಂದು ಕೌದಿಗೆ ತಿಂಗಳು ಹಿಡಿಯುತ್ತಿತ್ತು. ಚಿಕ್ಕಮಗಳೂರು ಕಡೆಯ ಒಂದು ಹೋಂಸ್ಟೇಯವರು ಒಟ್ಟಿಗೆ ಹನ್ನೆರಡು ಕೇಳಿದರು. ಕೈಯಲ್ಲಿ ಆಗುವುದಿಲ್ಲ ಅಂತ ಎರಡು ಲಕ್ಷ ಸಾಲ ಮಾಡಿ ಮೆಷಿನ್ ತಂದೆ.

ಮೆಷಿನ್ ಮೇಲೆ ನನ್ನ ದೂರಿಲ್ಲ. ಆದರೆ ಅದರ ಡಿಸೈನಿಗೆ ಒಂದೇ ಅಳತೆಯ ಚೌಕಗಳು ಬೇಕಿತ್ತು. ಹಳೆ ಸೀರೆಯಲ್ಲಿ ಹಾಗೆ ಸಿಗುವುದಿಲ್ಲ. ಒಂದು ಕಡೆ ಸವೆದಿರುತ್ತದೆ, ಇನ್ನೊಂದು ಕಡೆ ಗಟ್ಟಿ ಇರುತ್ತದೆ. ಅದಕ್ಕೇ ಹಾಸನಕ್ಕೆ ಹೋಗಿ ಹೊಸ ಕಾಟನ್ ಬಟ್ಟೆ ತಂದೆ. ಕೆಂಪು ಮತ್ತು ಬಿಳಿ. ತಂದವಳೇ ಕತ್ತರಿಸಲು ಕೂತೆ.

ನೆನೆಸಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಇದೇ. "ಹೊಸ ಬಟ್ಟೆಗೆ ಮೊದಲು ನೀರು ಕುಡಿಸಬೇಕು ಕಣೇ" ಅಂತ ಅತ್ತೆ ಎರಡು ಸಲ ಹೇಳಿದರು. ಮಳೆಗಾಲ ಶುರುವಾಗಿತ್ತು. ನೆನೆಸಿದರೆ ಒಣಗುವುದು ಯಾವಾಗ ಅಂದುಕೊಂಡು ನಾನು ಅವರ ಮಾತು ಕೇಳಲಿಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಬಹುದಿತ್ತು, ನಾಲ್ಕು ದಿನ ತಡವಾಗುತ್ತಿತ್ತು ಅಷ್ಟೇ.

ಆಗಿದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಇದು ನಿಮಗೆ ಬೇಕು. ವರ್ಷಗಟ್ಟಲೆ ಒಗೆದ ಸೀರೆ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ. ಹೊಸ ಕಾಟನ್ ಮೊದಲ ಒಗೆತಕ್ಕೇ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. ಐದು ಅಂದರೆ 60 ಇಂಚಿಗೆ 3 ಇಂಚು. ನನ್ನ ಕೌದಿಗಳಲ್ಲಿ ಮೇಲೆ ಹೊಸ ಬಟ್ಟೆ, ಒಳಗೆ ಹಳೆ ಸೀರೆ. ಮೇಲಿನದು ಎಳೆಯಿತು, ಒಳಗಿನದು ಜಗ್ಗಲಿಲ್ಲ. ಕೈಹೊಲಿಗೆ ಆಗಿದ್ದರೆ ದಾರ ಸ್ವಲ್ಪ ಸಡಿಲ ಇರುತ್ತಿತ್ತು, ಬಟ್ಟೆ ಸರಿದುಕೊಳ್ಳಲು ಜಾಗ ಸಿಗುತ್ತಿತ್ತು. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡೂ ಬಟ್ಟೆಯ ನಡುವೆ ಸಿಕ್ಕಿಕೊಂಡು ಬಿಗಿಯುತ್ತವೆ. ನಾನು ಚೆಂದ ಕಾಣಲಿ ಅಂತ ಹೊಲಿಗೆಯನ್ನು ಇನ್ನೂ ಒತ್ತೊತ್ತಾಗಿ ಹಾಕಿದ್ದೆ. ಹೋಂಸ್ಟೇಯವರು ಬಿಸಿನೀರಲ್ಲಿ ಒಗೆದು ಡ್ರೈಯರ್‌ಗೆ ಹಾಕಿದರು. ಹನ್ನೆರಡೂ ಕರಿದ ಹಪ್ಪಳದ ಹಾಗೆ ಮುದುಡಿದವು. ಕೆಂಪು ಬಣ್ಣ ಬಿಟ್ಟು ಬಿಳಿ ಚೌಕಗಳು ಗುಲಾಬಿಯಾದವು. ಹಣ ವಾಪಸ್ ಕೊಟ್ಟೆ. ಸಾಲ ತೀರಲು ಮೂರು ವರ್ಷ ಬೇಕಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇನ್ನು ಹತ್ತು ವರ್ಷದಲ್ಲಿ ಅಮ್ಮನ ಕೆಲಸವನ್ನು ಮೆಷಿನ್ ಮಾಡುತ್ತದೆ ಅಂತ ಹೇಳಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕೌದಿಯ ಪದರಗಳನ್ನು ಒಟ್ಟಿಗೆ ಹೊಲಿಯುವ ದೊಡ್ಡ ಲಾಂಗ್ ಆರ್ಮ್ ಮೆಷಿನ್‌ಗೆ ಮೇಲಿನ ಪದರ ಮೊದಲೇ ತುಂಡು ಜೋಡಿಸಿ ಪೂರ್ತಿ ತಯಾರಾಗಿರಬೇಕು. ಅದನ್ನು ಫ್ರೇಮಿಗೆ ಸುತ್ತಿ ಹೊಲಿಗೆ ಹಾಕುತ್ತಾರೆ. ನಮ್ಮ ಕೌದಿ ಹಾಗಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವುದನ್ನು ನೋಡಿ. ಅಂಚಿನಿಂದ ಶುರುಮಾಡಿ ಒಂದೊಂದೇ ತುಂಡು ಇಡುತ್ತಾ, ಎಲ್ಲ ಪದರಕ್ಕೂ ಸೇರಿಸಿ ಹೊಲಿಯುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮುಂದಿನ ತುಂಡು ಯಾವುದು ಅನ್ನುವುದು ಸೂಜಿ ಅಲ್ಲಿಗೆ ಬಂದಾಗಲೇ ತೀರ್ಮಾನ. ನಮ್ಮತ್ತೆಯೂ ಹೀಗೇ ಹೊಲಿಯುತ್ತಿದ್ದರು. ಈ ಕೆಲಸ ಆ ಫ್ರೇಮಿನಲ್ಲಿ ಕೂರುವುದೇ ಇಲ್ಲ.

ಬದಲಾವಣೆ ಬೇರೆ ಕಡೆ ಬರುತ್ತದೆ, ಬಂದೂ ಆಗಿದೆ. ಬಟ್ಟೆ ಕತ್ತರಿಸುವ ಚಕ್ರದ ಬ್ಲೇಡನ್ನು ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದಿತು. ಕತ್ತರಿಯಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಅದರಲ್ಲಿ ಒಂದು ಗಂಟೆಗೆ ಮುಗಿಯುತ್ತದೆ. ನನ್ನ ಬೆರಳಿನ ನೋವು ಕಮ್ಮಿ ಮಾಡಿದ್ದು ಅದೇ ಚಕ್ರ, ಎರಡು ಲಕ್ಷದ ಮೆಷಿನ್ ಅಲ್ಲ. ಕೈ ಜೋರಾಗಿ ಓಡಿದರೂ ನಿಧಾನವಾದರೂ ಹೊಲಿಗೆ ಒಂದೇ ಉದ್ದ ಬರುವಂತೆ ನೋಡಿಕೊಳ್ಳುವ ಮೆಷಿನ್‌ಗಳೂ ಈಗ ಇವೆ. ಮುಂದೆ ಸೀರೆಯ ಫೋಟೋ ತೆಗೆದರೆ ಗಟ್ಟಿ ಜಾಗ ಯಾವುದು, ಯಾವ ತುಂಡು ಎಲ್ಲಿ ಕೂರುತ್ತದೆ ಅಂತ ಫೋನೇ ತೋರಿಸಲಿ, ಖುಷಿಯಿಂದ ಬಳಸುತ್ತೇನೆ. ಸವೆದ ಬಟ್ಟೆಗೆ ತಕ್ಕ ಡಿಸೈನ್ ಕೊಡುವ ಸಲಕರಣೆ ನಮಗೆ ಬೇಕು. ಡಿಸೈನಿಗೆ ತಕ್ಕ ಹೊಸ ಬಟ್ಟೆ ಕೊಳ್ಳಿಸುವುದು ಬೇಡ.

ಸಾಲ ಈಗ ಬೇಡ. ಒಂದು ಚಕ್ರದ ಬ್ಲೇಡು, ಕತ್ತರಿಸುವಾಗ ಕೆಳಗೆ ಹಾಸುವ ಮ್ಯಾಟು, ಒಂದು ಅಳತೆಪಟ್ಟಿ ತನ್ನಿ. ಹೊಸ ಬಟ್ಟೆ ಸೇರಿಸುವುದಾದರೆ ರಾತ್ರಿಯಿಡೀ ಬಕೆಟ್ಟಿನಲ್ಲಿ ನೆನೆಸಿ. ಬೆಳಿಗ್ಗೆ ನೀರು ಕೆಂಪಗಿದ್ದರೆ ಇನ್ನೊಂದು ರಾತ್ರಿ. ಅಮ್ಮನ ಕೈಯಲ್ಲಿ ಒಂದು ಕೌದಿ ಹೊಲಿಸಿ, ನಿಮಗೆ ಆರ್ಡರ್ ಕೊಟ್ಟ ಹೋಂಸ್ಟೇಯವರ ಬಟ್ಟೆ ಒಗೆಯುವ ಮೆಷಿನ್‌ನಲ್ಲೇ ಮೂರು ಸಲ ಒಗೆಸಿ, ಪ್ರತಿ ಸಲವೂ ಟೇಪು ಹಿಡಿದು ಅಳೆಯಿರಿ. ಆ ಮೂರು ಅಳತೆ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.