ಸಂಪಾದಕರ ಉತ್ತರ: ಗಂಗಾವತಿಯಿಂದ ಬಂದ ನಾಲ್ಕು ಪುಟಗಳಿಗೆ

ಗಂಗಾವತಿಯ ಓದುಗ ಮಿತ್ರರೇ,

ನಿಮ್ಮ ಪತ್ರ ತಲುಪಿತು. ನಾಲ್ಕು ಪುಟ, ಎರಡೂ ಮಗ್ಗುಲು. ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೀರಿ. ಹೆಸರು ಬೇಡ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು ಅಂದರೆ ಸಾಕು ಎಂದಿದ್ದೀರಿ. ಹಾಗೇ ಆಗಲಿ. ಪತ್ರದ ಆಯ್ದ ಭಾಗ ಪಕ್ಕದ ಪುಟದಲ್ಲಿದೆ. ಬರೀ ಈ ಪುಟ ಓದುವವರಿಗಾಗಿ ಸಾರಾಂಶ ನಾನೇ ಹೇಳಿಬಿಡುತ್ತೇನೆ.

ನೀವು ಈಚೆಗೆ ಐದು ಸಿನಿಮಾ ನೋಡಿದಿರಿ. 'ಸು ಫ್ರಮ್ ಸೋ' ಎರಡು ಸಲ, ಎರಡನೇ ಸಲ ಮನೆ ಮಂದಿಯನ್ನೆಲ್ಲ ಕರೆದುಕೊಂಡು. 'ಕಾಂತಾರ ಚಾಪ್ಟರ್ 1' ನೋಡಿ ಬಂದು ಕಿವಿ ಗುಂಯ್ ಅಂತಿತ್ತು. 'ಪುಷ್ಪ 2' ಮೂರನೇ ಸಲ, ಈ ಬಾರಿ ಮೊಬೈಲಿನಲ್ಲಿ. 'ಶಿವಮ್ಮ ಯರೇಹಂಚಿನಾಳ' ಅರ್ಧಕ್ಕೆ ನಿಲ್ಲಿಸಿದಿರಿ: "ನಮ್ಮ ಕಡೆ ಧೂಳು ನೋಡೋಕೆ ದುಡ್ಡು ಯಾಕೆ ಕೊಡಬೇಕು?" ಐದನೆಯದು 'ಫೋಟೋ', ಕಾಲೇಜೊಂದರಲ್ಲಿ ಪರದೆ ಕಟ್ಟಿ ತೋರಿಸಿದ್ದು. ಅದರಲ್ಲೂ ಅರ್ಧಕ್ಕೆ ಎದ್ದು ಬಂದಿರಿ. ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಕೊನೆಯ ಪುಟ ಪೂರ್ತಿ ನಮ್ಮ ಪತ್ರಿಕೆಗೇ ಮಂಗಳಾರತಿ. ಪ್ರಶಸ್ತಿ ಬಂತು ಅಂದ ಕೂಡಲೇ ಕಣ್ಣು ಮುಚ್ಚಿ ಹೊಗಳುತ್ತೀರಿ, ತೆಲುಗು ಸಿನಿಮಾ ನೋಡುವವರನ್ನು ಕೀಳಾಗಿ ಕಾಣುತ್ತೀರಿ ಅಂತ.

ಕಾಂತಾರದ್ದು ಬೇಗ ಮುಗಿಸುತ್ತೇನೆ. ಕಿವಿಯ ವಿಷಯದಲ್ಲಿ ನಾನೂ ನಿಮ್ಮ ಕಡೆ. ಮಧ್ಯದಲ್ಲಿ ರಥ ಹತೋಟಿ ತಪ್ಪಿ ಓಡುತ್ತಲ್ಲ, ಅಲ್ಲಿ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಕೊನೆಯ ಹೊಡೆದಾಟದ ಹೊತ್ತಿಗೆ ಸುಸ್ತಾಗಿತ್ತು. 2022ರ ಮೊದಲ 'ಕಾಂತಾರ'ದಲ್ಲಿ ದೈವದ ಒಂದು ಕೂಗಿಗೆ ಮೈ ಜುಮ್ ಅಂದಿತ್ತು. ಇಲ್ಲಿ ಹತ್ತು ಕೂಗಿದ್ದರೂ ಅದು ಆಗಲಿಲ್ಲ. ನಮ್ಮ ವಿಮರ್ಶಕರಿಗೆ ಈ ಮಾತು ಹಿಡಿಸೋದಿಲ್ಲ. ಅವರು ಬೇಕಾದರೆ ಮುಂದಿನ ಸಂಚಿಕೆಯಲ್ಲಿ ನನಗೇ ಬೈಯಲಿ.

ತೆಲುಗಿನ ಆರೋಪ ಮಾತ್ರ ಒಪ್ಪೋದಿಲ್ಲ. ಕೀಳಾಗಿ ಕಾಣೋಕೆ ನಾವ್ಯಾರು? ನಾವಿರುವ ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸ್ ರಾಜ್ಯದ ಕಡೆಗಿತ್ತು. ಈ ಊರಿನ ದೊಡ್ಡ ನಟ ಬಳ್ಳಾರಿ ರಾಘವ ತೆಲುಗು ರಂಗಭೂಮಿಯಲ್ಲೇ ಹೆಸರು ಮಾಡಿದವರು, 1939ರ 'ರೈತುಬಿಡ್ಡ' ತೆಲುಗು ಸಿನಿಮಾದಲ್ಲೂ ಇದ್ದರು. ನಿಮ್ಮ ಗಂಗಾವತಿಯ ಸುತ್ತಮುತ್ತ ನೋಡಿ, ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳು ಎಷ್ಟಿವೆ. ಕನ್ನಡಕ್ಕೆ ಡಬ್ಬಿಂಗ್ ಬೇಕಾ ಬೇಡವಾ ಅಂತ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಜಗಳ ಆಡಿದರು. ನಾವು ಇಲ್ಲಿ ಡಬ್ಬಿಂಗ್ ಇಲ್ಲದೆ ಸೀದಾ ತೆಲುಗಲ್ಲೇ ನೋಡಿ, ಇಂಟರ್ವಲ್‌ನಲ್ಲಿ ವಗ್ಗರಣಿ-ಮಿರ್ಚಿ ತಿಂದು, ಕನ್ನಡದಲ್ಲಿ ಬೈದುಕೊಂಡು ಮನೆಗೆ ಬಂದವರು. ನಮ್ಮನ್ನು ಯಾರೂ ಕೇಳಲಿಲ್ಲ ಬಿಡಿ.

'ಪುಷ್ಪ 2' ಮೂರು ಗಂಟೆ ಇಪ್ಪತ್ತು ನಿಮಿಷದ್ದು. ಅದನ್ನು ಮೂರು ಸಲ ನೋಡಿದ ನಿಮಗೆ ಒಂದು ಪ್ರಶ್ನೆ. ಆ ಹೀರೋ ಮಾತಾಡುವ ತೆಲುಗು ಯಾವ ಕಡೆಯದು? ಚಿತ್ತೂರಿನ ಕಡೆಯದು, ಹೈದರಾಬಾದಿನ ನಯದ ತೆಲುಗಲ್ಲ. ಮೊದಲ ಭಾಗದಲ್ಲಿ ಆ ಮಾತಾಡಿಯೇ ಅಲ್ಲು ಅರ್ಜುನ್ ರಾಷ್ಟ್ರಪ್ರಶಸ್ತಿ ತಗೊಂಡರು. ಆ ಉಚ್ಚಾರಕ್ಕೆ ಟಾಕೀಸಿನಲ್ಲಿ ಯಾರಾದರೂ ನಕ್ಕರಾ? ಶಿಳ್ಳೆ ಹೊಡೆದರು, ಅಲ್ವಾ?

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಎರಡನೇ ಪುಟಕ್ಕೆ ಹೋಗೋಣ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಅದೇ.

'ಫೋಟೋ' ಓದುಗರಲ್ಲಿ ಜಾಸ್ತಿ ಜನ ನೋಡಿರಲಿಕ್ಕಿಲ್ಲ. 2024ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ರಾಯಚೂರು ಕಡೆಯ ಹುಡುಗ, ಉತ್ಸವ್ ಗೋನವಾರ. ಹಳ್ಳಿಯ ಪುಟ್ಟ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋದವನು. ಮಗ ಅಲ್ಲಿಗೆ ಹೋಗುತ್ತಾನೆ, ಲಾಕ್‌ಡೌನ್ ಆಗುತ್ತದೆ, ಇಬ್ಬರೂ ಊರಿನ ಕಡೆ ನಡೆಯುತ್ತಾರೆ. ಕತೆ ಇಷ್ಟೇ. ನೀವು ಬರೆದಿರೋದು: ಅಪ್ಪ ಮಗ ನಡೆಯುವಾಗ ಅಪ್ಪ ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನ ಹುಡುಗರು ಕಿಸಕ್ ಅನ್ನುತ್ತಿದ್ದರು. ತಮಾಷೆಯ ಮಾತೇನೂ ಇರಲಿಲ್ಲ. ನಗುತ್ತಿದ್ದವರು ನಮ್ಮವರೇ, ಮನೆಯಲ್ಲಿ ಅದೇ ಮಾತಾಡುವವರು. ನಿಮಗೆ ತಡೆಯಲಾಗದೆ ಎದ್ದು ಹೊರಗೆ ಬಂದು ಬೈಕಿನ ಮೇಲೆ ಕೂತಿರಿ.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟಿದಾಗಿನಿಂದ ಸಿನಿಮಾದಲ್ಲಿ ಈ ಮಾತನ್ನು ಯಾರ ಬಾಯಲ್ಲಿ ಕೇಳಿದ್ದಾರೆ? ಹೀರೋನ ಗೆಳೆಯ, ಕುಡುಕ, ಕಾನ್‌ಸ್ಟೇಬಲ್, ಮದುವೆ ದಲ್ಲಾಳಿ. ಪ್ರತಿ ಮಾತಿಗೂ ಒಂದು 'ಲೇ' ಹಚ್ಚಿದರೆ ಉತ್ತರ ಕರ್ನಾಟಕ ಆಗಿಹೋಯಿತು. ಬಳ್ಳಾರಿಯ 'ಐತೆ' ಬೇರೆ, ಕೊಪ್ಪಳದ 'ಐತಿ' ಬೇರೆ, ಕಲಬುರಗಿಯ 'ಅದ' ಬೇರೆ ಅನ್ನೋದು ಬರೆಯುವವರಿಗೂ ಬೇಕಿಲ್ಲ, ಆಡುವವರಿಗೂ ಬೇಕಿಲ್ಲ. ಈ ಮಾತು ಕೇಳಿದ ಕೂಡಲೇ ನಗಬೇಕು ಅಂತ ಕಿವಿಗೆ ಅಭ್ಯಾಸವಾಗಿದೆ. ಅದೇ ಕಿವಿ ಹೊತ್ತುಕೊಂಡು ಹುಡುಗರು 'ಫೋಟೋ'ಗೆ ಬಂದರು. ನಿಮ್ಮ ಊರಿನವರೇ ಆದ ಗಂಗಾವತಿ ಪ್ರಾಣೇಶ್ ನಗಿಸೋದು ಬೇರೆ ಲೆಕ್ಕ. ಅವರು ನಮ್ಮ ಮಾತಿನಲ್ಲಿ ನಗಿಸುತ್ತಾರೆ. ಸಿನಿಮಾದವರು ನಮ್ಮ ಮಾತನ್ನೇ ತೋರಿಸಿ ನಗಿಸುತ್ತಾರೆ.

ಆ ವರ್ಷದ ಒಂದು ನೆನಪು ಹೇಳುತ್ತೇನೆ. 2020ರ ಲಾಕ್‌ಡೌನ್. ಬಳ್ಳಾರಿಯಿಂದ ಸಿರುಗುಪ್ಪ ಕಡೆ ಹೋಗುವ ರಸ್ತೆಯಲ್ಲಿ ಹಾಲಿಗೆ ಅಂತ ಬೆಳಿಗ್ಗೆ ಹೊರಟಿದ್ದೆ. ಐದಾರು ಜನ ನಡೆದು ಬರುತ್ತಿದ್ದರು. ಒಬ್ಬನ ತಲೆ ಮೇಲೆ ಪೇಂಟಿನ ಬಕೆಟ್, ಅದರೊಳಗೆ ಬಟ್ಟೆ. ಒಬ್ಬಾಕೆಯ ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ. ಬಕೆಟ್‌ನವನು ನಿಂತು ಕೇಳಿದ: "ಮಾನ್ವಿಗೆ ಹಿಂಗ ಹೋದ್ರ ಹತ್ರ ಆಗ್ತೈತೇನ್ರಿ?" ಹತ್ತಿರವೇನು ಬಂತು. ಇನ್ನೂ ದಿನಗಟ್ಟಲೆ ದಾರಿ ಇತ್ತು. ನಾನು ಹೌದು ಅಂದುಬಿಟ್ಟೆ. 'ಫೋಟೋ' ನೋಡುವಾಗ ಆ ಬಕೆಟ್ ಕಣ್ಣಿಗೆ ಕಟ್ಟಿತು. ಹಾಗಾಗಿ ಆ ಸಿನಿಮಾ ಎಷ್ಟು ಚೆನ್ನಾಗಿದೆ ಅಂತ ಅಳೆದು ಹೇಳುವ ಯೋಗ್ಯತೆ ನನಗಿಲ್ಲ. ನಿಮಗೆ ಇನ್ನರ್ಧ ಬಾಕಿ ಇದೆ, ಒಬ್ಬರೇ ಕೂತು ನೋಡಿ.

ಇನ್ನು ಶಿವಮ್ಮ. ಇಲ್ಲಿ ಜಗಳ ಆಡಲೇಬೇಕು. ಯರೇಹಂಚಿನಾಳ ನಿಮ್ಮದೇ ಕೊಪ್ಪಳ ಜಿಲ್ಲೆಯ ಊರು. ನಿರ್ದೇಶಕ ಜೈಶಂಕರ್ ಆರ್ಯರ್ ಅಲ್ಲೇ ಕ್ಯಾಮೆರಾ ಇಟ್ಟು, ನಟನೆ ಗೊತ್ತಿಲ್ಲದ ಜನರ ಹತ್ತಿರ ಮಾಡಿಸಿದರು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದದ್ದಕ್ಕೆ ಚೆನ್ನಾಗಿರಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ನನಗೂ ನಡುವೆ ಒಂದಷ್ಟು ಕಡೆ ಉದ್ದ ಅನಿಸಿತು. ಆದರೆ "ಏನೂ ನಡೆಯೋದಿಲ್ಲ" ಅಂದಿದ್ದೀರಲ್ಲ, ಅದು ತಪ್ಪು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಚೈನ್ ವ್ಯಾಪಾರಕ್ಕೆ ದುಡ್ಡು ಹಾಕಿ, ಶಕ್ತಿ ಬರುವ ಪುಡಿ ಅಂತ ಊರವರಿಗೆ ಮಾರೋಕೆ ಹೊರಡುತ್ತಾಳೆ. ನಮ್ಮ ಓಣಿಯಲ್ಲೂ ಒಬ್ಬ ಅಕ್ಕ ಹೀಗೇ ಮಾಡಿದ್ದರು. ಅವರ ಅಟ್ಟದ ಮೇಲೆ ಡಬ್ಬಿಗಳು ಈಗಲೂ ಇವೆ. ದೀಪಾವಳಿಗೆ ಇಳಿಸಿ, ಧೂಳು ಒರೆಸಿ, ಮತ್ತೆ ಮೇಲಿಡುತ್ತಾರೆ. ಬಿಸಾಡೋಕೆ ಮನಸ್ಸಿಲ್ಲ. ಶರಣಮ್ಮ ಚೆಟ್ಟಿ ಅವರು ಶಿವಮ್ಮನಾಗಿ ಮಾಡಿದ್ದು ನೋಡಿದಾಗ ನನಗೆ ಕಂಡದ್ದು ಆ ಅಕ್ಕನ ಹಟ. ನಿಮಗೆ ಕಂಡದ್ದು ಧೂಳು.

ನಮ್ಮ ತಪ್ಪೂ ಒಂದಿದೆ. 2024ರ ಜೂನ್ 14ಕ್ಕೆ ಶಿವಮ್ಮ ಟಾಕೀಸಿಗೆ ಬಂತು. ಮುಂದಿನ ವಾರ ನೋಡಿದರಾಯಿತು ಅಂದುಕೊಂಡೆವು. ಮುಂದಿನ ವಾರ ಇರಲಿಲ್ಲ. ನಮ್ಮ ಹೊಗಳಿಕೆ ಅಚ್ಚಾಗುವ ಹೊತ್ತಿಗೆ ನೋಡಬೇಕೆಂದವರಿಗೆ ಸಿನಿಮಾವೇ ಸಿಗಲಿಲ್ಲ. ನೀವು ಬೈದದ್ದು ಬೇರೆ ಕಾರಣಕ್ಕೆ, ಆದರೂ ಬೈಗುಳ ಸರಿಯಾದ ವಿಳಾಸಕ್ಕೇ ಬಂದಿದೆ.

'ಸು ಫ್ರಮ್ ಸೋ' ಬಗ್ಗೆ ನಮ್ಮಿಬ್ಬರದೂ ಒಂದೇ ಮಾತು, ಅದಕ್ಕೇ ಕೊನೆಗೆ ಇಟ್ಟುಕೊಂಡೆ. ಜೆ.ಪಿ. ತುಮಿನಾಡು ಅವರ ಸಿನಿಮಾ, 2025ರ ಜುಲೈನದು. ಕರಾವಳಿಯ ಊರು, ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಗದ್ದಲ. ಅವರ ಕನ್ನಡ ಮೊದಲ ಹತ್ತು ನಿಮಿಷ ಅರ್ಧಂಬರ್ಧ ಹಿಡಿಯಿತು, ಆಮೇಲೆ ಅಡ್ಡಿಯಾಗಲಿಲ್ಲ ಅಂದಿದ್ದೀರಿ. ನನಗೂ ಹಾಗೇ. ಅಲ್ಲಿ ನಾವು ನಕ್ಕದ್ದು ಆ ಊರಿನ ಮುಂದಾಳು ರವಿ ಅಣ್ಣನ ಪರದಾಟಕ್ಕೆ, ಅವನ ಉಚ್ಚಾರಕ್ಕಲ್ಲ. ಮಂಗಳೂರಿನವರು ತಮ್ಮ ಮಾತಲ್ಲೇ ಸಿನಿಮಾ ಮಾಡಿ ಬಳ್ಳಾರಿ ತನಕ ತಂದು ಗೆದ್ದರು. ಹಾಗಿದ್ದ ಮೇಲೆ ನಮ್ಮ ಕಡೆಯ ಮಾತು ನಡೆಯೋದಿಲ್ಲ ಅನ್ನುವ ನಿರ್ಮಾಪಕರು ಯಾವ ಲೆಕ್ಕ ಹಾಕುತ್ತಾರೋ. ಲೆಕ್ಕ ಬರೆಯುವವರು ನೀವು, ನೀವೇ ಹೇಳಿ.

ಬಿಡುವಿದ್ದಾಗ 'ಕನಸೆಂಬ ಕುದುರೆಯನೇರಿ' ಹುಡುಕಿ ನೋಡಿ. ಗಿರೀಶ್ ಕಾಸರವಳ್ಳಿ 2010ರಲ್ಲಿ ಮಾಡಿದ್ದು. ಕತೆ ನಮ್ಮ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿ ಅವರದು. ಅದರಲ್ಲಿ ಹೆಣದ ಕುಣಿ ತೋಡುವವನಾಗಿ ಬೀದರ್ ಕಡೆಯ ವೈಜನಾಥ ಬಿರಾದಾರ ಇದ್ದಾರೆ. ಎಷ್ಟೋ ಸಿನಿಮಾಗಳಲ್ಲಿ ಎರಡು ನಿಮಿಷಕ್ಕೆ ಬಂದು ನಗಿಸಿ ಹೋಗುತ್ತಾರಲ್ಲ, ಅವರೇ. ಇದರಲ್ಲಿ ಅವರ ಮುಖ ನೋಡಿ. ನೋಡಿದ ಮೇಲೆ ನಮಗೊಂದು ಪುಟ ಬರೆದು ಕಳಿಸಿ. ಚೆನ್ನಾಗಿಲ್ಲ ಅಂತ ಬರೆದರೂ ಹಾಕುತ್ತೇವೆ.

ಒಂದು ಕೋರಿಕೆ. ನಿಮ್ಮ ಪತ್ರ ಪೂರ್ತಿ ಪುಸ್ತಕದ ಕನ್ನಡದಲ್ಲಿದೆ. ಕಾಲೇಜಿನ ಆ ನಗುವಿನ ಬಗ್ಗೆ ಬರೆಯುವಾಗ ಮಾತ್ರ ಸಿಟ್ಟು ಬಂದು ಒಂದು ಸಾಲು ಜಾರಿದೆ: "ನಮ್ಮವ್ವ ಹಿಂಗ ಮಾತಾಡ್ತಾಳ, ಆಕಿಗೂ ನಗ್ತಾರೇನ್ರಿ ಇವ್ರು?" ನಮ್ಮ ಕಚೇರಿಯಲ್ಲಿ ಕರಡು ತಿದ್ದುವವರು ಅಭ್ಯಾಸಬಲದಿಂದ ಅದನ್ನು "ನಮ್ಮ ತಾಯಿಯೂ ಹೀಗೆಯೇ ಮಾತನಾಡುತ್ತಾರೆ" ಅಂತ ಮಾಡಿಟ್ಟಿದ್ದರು. ನಾನು ಹೊಡೆದು ಹಾಕಿ ಮೊದಲಿನ ಹಾಗೇ ಮಾಡಿಸಿದ್ದೇನೆ. ಮುಂದಿನ ಪತ್ರ ಪೂರ್ತಿ ಅವ್ವನ ಮಾತಲ್ಲೇ ಇರಲಿ.

– ಸಂಪಾದಕ