ಡೆಡ್‌ಲಿಫ್ಟ್: ರಾಡ್ ಕಾಲಿಗೆ ಅಂಟಿಯೇ ಏಳಬೇಕು

ಡೆಡ್‌ಲಿಫ್ಟ್ ಎಂದರೆ ನೆಲದ ಮೇಲಿರುವ ಭಾರದ ರಾಡನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ. ಅದರ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ‘ಬೆನ್ನು ಗೂನಾಗುತ್ತದೆ, ಏನು ಮಾಡಲಿ’ ಎಂದು ಹಲವರು ಕೇಳಿದ್ದಾರೆ. ಅವರೆಲ್ಲರಿಗೂ ಮೊದಲನೆಯ ಉತ್ತರವೇ ಸಲ್ಲುತ್ತದೆ.

ಪ್ರಶ್ನೆ: 100 ಕೆ.ಜಿ.ವರೆಗೆ ಸಲೀಸಾಗಿ ಎತ್ತುತ್ತೇನೆ. 120ಕ್ಕೆ ಹೋದರೆ ಸಾಕು, ರಾಡ್ ನೆಲ ಬಿಡುವ ಮೊದಲೇ ಸೊಂಟ ಮೇಲೆದ್ದು ಬೆನ್ನು ಬಾಗುತ್ತದೆ. ಜಿಮ್‌ನಲ್ಲಿ ‘ಇನ್ನೂ ಕೆಳಗೆ ಕೂತು ಎತ್ತು’ ಅನ್ನುತ್ತಾರೆ. ಕೂತರೂ ಅದೇ ಕತೆ. (ದಾವಣಗೆರೆ)

ಉತ್ತರ: ಆ ಸಲಹೆಯೇ ತಪ್ಪು. ರಾಡನ್ನು ಹೆಗಲ ಮೇಲೆ ಹೊತ್ತು ಕೂತೇಳುವ ಸ್ಕ್ವಾಟ್‌ಗೆ ಕೂರುವ ಹಾಗೆ ಡೆಡ್‌ಲಿಫ್ಟ್‌ಗೆ ಕೂರಬಾರದು. ಸೊಂಟ ತಗ್ಗಿದಷ್ಟೂ ಮಂಡಿ ಮುಂದೆ ಬಂದು ರಾಡನ್ನು ಮುಂದಕ್ಕೆ ನೂಕುತ್ತದೆ, ಭುಜಗಳು ರಾಡಿನ ಹಿಂದೆ ಉಳಿಯುತ್ತವೆ. ಕಡಿಮೆ ಭಾರದಲ್ಲಿ ಇದು ಗೊತ್ತೇ ಆಗುವುದಿಲ್ಲ. ಭಾರ ಏರಿದಾಗ, ಭುಜ ರಾಡಿಗಿಂತ ತುಸು ಮುಂದೆ ಬರುವವರೆಗೂ ಸೊಂಟ ತಾನೇ ಎದ್ದುಕೊಳ್ಳುತ್ತದೆ. ರಾಡ್ ಅಲುಗುವುದು ಆಮೇಲೆ. ಅಷ್ಟರಲ್ಲಿ ಬೆನ್ನಿನ ಬಿಗಿ ಸಡಿಲವಾಗಿರುತ್ತದೆ. ಹೇಗೂ ಸೊಂಟ ಅಲ್ಲಿಗೇ ಹೋಗುವುದಾದರೆ ಅಲ್ಲಿಂದಲೇ ಶುರು ಮಾಡಿ.

ಪಾದಗಳ ನಡುವೆ ಸೊಂಟದಷ್ಟು ಅಗಲ ಇರಲಿ, ಬೆರಳುಗಳು ಸ್ವಲ್ಪ ಹೊರಕ್ಕೆ ತಿರುಗಿರಲಿ. ನಿಂತು ಕೆಳಗೆ ನೋಡಿದರೆ ರಾಡ್ ನಿಮ್ಮ ಶೂ ಲೇಸಿನ ಗಂಟಿನ ಮೇಲೆ ಕಾಣಬೇಕು. ಅದು ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಇಡೀ ಪಾದದ ನಡುಭಾಗ. ಆಗ ಕಣಕಾಲಿನ ಮುಂದಿನ ಮೂಳೆಗೂ ರಾಡಿಗೂ ಎರಡು ಮೂರು ಸೆಂ.ಮೀ. ಅಂತರ ಇರುತ್ತದೆ. ಇನ್ನು ಮಂಡಿ ಹೆಚ್ಚು ಮಡಚದೆ ಸೊಂಟದಿಂದ ಬಗ್ಗಿ, ಕಾಲುಗಳ ಹೊರಬದಿಯಲ್ಲಿ ರಾಡ್ ಹಿಡಿಯಿರಿ. ಹಿಡಿದ ಮೇಲೆ ಮಂಡಿ ಮಡಚಿ ಕಣಕಾಲನ್ನು ರಾಡಿಗೆ ತಾಕಿಸಿ. ಕಾಲು ರಾಡಿನ ಹತ್ತಿರ ಹೋಗಬೇಕು, ರಾಡನ್ನು ಕಾಲಿನ ಹತ್ತಿರ ಉರುಳಿಸಿಕೊಳ್ಳಬಾರದು. ತಾಕಿದ ಕ್ಷಣಕ್ಕೆ ಸೊಂಟ ಇಳಿಸುವುದನ್ನು ನಿಲ್ಲಿಸಿ. ನಿಮ್ಮ ಕಾಲು, ಕೈ, ಮುಂಡದ ಉದ್ದಕ್ಕೆ ತಕ್ಕ ಸೊಂಟದ ಎತ್ತರ ಅದೇ. ಉದ್ದ ತೊಡೆಯವರ ಸೊಂಟ ಎತ್ತರದಲ್ಲಿ ಕಾಣುತ್ತದೆ, ಅದು ತಪ್ಪಲ್ಲ.

ಈಗ ಎದೆ ಮುಂದೆ ಮಾಡಿ, ಕಂಕುಳಲ್ಲಿ ಏನನ್ನೋ ಅವುಚಿ ಹಿಡಿದಂತೆ ತೋಳುಗಳನ್ನು ಪಕ್ಕೆಗೆ ಬಿಗಿಮಾಡಿ. ರಾಡ್ ಮುಂದೆ ಜಾರದಂತೆ ಹಿಡಿಯುವುದು ಈ ಬಿಗಿಯೇ. ತೋಳು ಮಾತ್ರ ನೇರ, ಮೊಣಕೈ ಮಡಚಬಾರದು. ಒಂದೇ ಸಲಕ್ಕೆ ಜಗ್ಗಬೇಡಿ. ರಾಡಿಗೂ ಪ್ಲೇಟಿನ ತೂತಿಗೂ ನಡುವೆ ಸಣ್ಣ ಸಡಿಲ ಇರುತ್ತದೆ. ನಿಧಾನವಾಗಿ ಎಳೆದರೆ ‘ಟಕ್’ ಎಂದು ಕೇಳಿಸಿ ರಾಡ್ ಬಿಗಿಯುತ್ತದೆ. ಆಮೇಲೆ ಪಾದಗಳಿಂದ ನೆಲವನ್ನು ಒತ್ತಿ. ರಾಡ್ ಮಂಡಿ ದಾಟುವವರೆಗೆ ಬೆನ್ನಿನ ಓರೆ ಹೆಚ್ಚೇನೂ ಬದಲಾಗದಿರಲಿ. ದಾಟಿದ ಮೇಲೆ ಸೊಂಟವನ್ನು ಮುಂದಕ್ಕೆ ತನ್ನಿ. ಮೇಲೆ ನೆಟ್ಟಗೆ ನಿಂತರೆ ಸಾಕು. ಹಿಂದಕ್ಕೆ ವಾಲುವುದು ಫೋಟೊಗೆ ಚೆಂದ, ಕೆಳಬೆನ್ನಿಗೆ ಅಲ್ಲ.

ಇಳಿಸುವಾಗ ಮೊದಲು ಸೊಂಟ ಹಿಂದಕ್ಕೆ ಹೋಗಲಿ, ರಾಡ್ ಮಂಡಿ ದಾಟಿದ ಮೇಲಷ್ಟೇ ಮಂಡಿ ಮಡಚಿ. ತಿರುವುಮುರುವಾದರೆ ರಾಡ್ ಮಂಡಿಚಿಪ್ಪಿಗೆ ಬಡಿಯುತ್ತದೆ.

ಸದ್ಯಕ್ಕೆ 120 ಬಿಟ್ಟು 85 ಕೆ.ಜಿ.ಗೆ ಬನ್ನಿ. ನೆಲದಿಂದ ಐದು ಸೆಂ.ಮೀ. ಎತ್ತಿ ಎರಡು ಸೆಕೆಂಡ್ ನಿಲ್ಲಿಸಿ, ನಂತರ ಪೂರ್ತಿ ಎತ್ತಿ. ಹೀಗೆ ಒಂದರ ಹಿಂದೆ ಒಂದು ಮೂರು ಸಲ ಎತ್ತಿದರೆ ಒಂದು ಸೆಟ್, ಅಂಥ ನಾಲ್ಕು ಸೆಟ್ ಮಾಡಿ. ರಾಡ್ ಸ್ವಲ್ಪ ಮುಂದೆ ಹೋದರೂ ಆ ಎರಡು ಸೆಕೆಂಡಿನಲ್ಲಿ ಭಾರ ಪಾದದ ಬೆರಳುಗಳ ಮೇಲೆ ಬೀಳುತ್ತದೆ, ಹೇಳಿಕೊಡಲು ಯಾರೂ ಬೇಕಿಲ್ಲ. ಮೊಬೈಲನ್ನು ಸೊಂಟದ ಎತ್ತರದಲ್ಲಿ, ಸರಿಯಾಗಿ ಪಕ್ಕದಿಂದ ಇಟ್ಟು ವಿಡಿಯೊ ತೆಗೆದು ರಾಡಿನ ತುದಿಯೊಂದನ್ನೇ ಗಮನಿಸಿ. ಅದು ನೆಟ್ಟಗೆ ಮೇಲೇರಬೇಕು.

ಪ್ರಶ್ನೆ: ನಮ್ಮ ಜಿಮ್‌ನ ಪ್ಲೇಟುಗಳು ಚಿಕ್ಕವು. ರಾಡ್ ಹಿಡಿಯಲು ತೀರಾ ಬಗ್ಗಬೇಕಾಗುತ್ತದೆ. ರಾಡಿನ ತೂಕ ಎಷ್ಟೆಂದು ಮಾಲೀಕರಿಗೂ ಗೊತ್ತಿಲ್ಲ. (ಶಿವಮೊಗ್ಗ)

ಉತ್ತರ: ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂ.ಮೀ., ಅಂದರೆ ರಾಡಿನ ನಡುಮಧ್ಯ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಟೇಪ್ ಹಿಡಿದು ನಿಮ್ಮದನ್ನು ಅಳೆಯಿರಿ. ಪ್ಲೇಟ್ 35 ಸೆಂ.ಮೀ. ಇದ್ದರೆ ನೀವು ಐದು ಸೆಂ.ಮೀ. ಕೆಳಗಿನಿಂದ ಎತ್ತುತ್ತಿದ್ದೀರಿ. ತೊಡೆಯ ಹಿಂಭಾಗ ಬಿಗಿಯಿರುವವರಿಗೆ ಬೆನ್ನು ಬಾಗಲು ಅಷ್ಟೇ ಸಾಕು. ಎರಡೂ ಕಡೆ ಪ್ಲೇಟಿನ ಕೆಳಗೆ ಒಂದೇ ದಪ್ಪದ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್ ಇಟ್ಟು 22.5ಕ್ಕೆ ತನ್ನಿ. ಬೇರೆ ಬೇರೆ ಗಾತ್ರದ ಪ್ಲೇಟುಗಳಿದ್ದರೆ ದೊಡ್ಡದು ಒಳಗಿರಲಿ.

ತೂಕಕ್ಕೆ ಉಪಾಯ ಸುಲಭ: ತೂಕದ ಯಂತ್ರದ ಮೇಲೆ ಬರಿಗೈಯಲ್ಲಿ ಒಮ್ಮೆ, ರಾಡ್ ಹಿಡಿದು ಒಮ್ಮೆ ನಿಂತು ಕಳೆಯಿರಿ. ಸುಮಾರು 2.2 ಮೀಟರ್ ಉದ್ದದ, 5 ಸೆಂ.ಮೀ. ದಪ್ಪ ತುದಿಯ ಒಲಿಂಪಿಕ್ ರಾಡ್ 20 ಕೆ.ಜಿ. ಇರುತ್ತದೆ. ತುದಿಯವರೆಗೂ ಒಂದೇ ಸಮ ತೆಳ್ಳಗಿರುವ ಒಂದಿಂಚಿನ ರಾಡ್ ಅದಕ್ಕಿಂತ ಬಹಳ ಹಗುರ. ಭಾರೀ ಡೆಡ್‌ಲಿಫ್ಟ್‌ಗೆ ಅದು ಆಗಿಬರುವುದಿಲ್ಲ, ಬಾಗಿ ಹಾಗೇ ಉಳಿದುಬಿಡುತ್ತದೆ.

ಪ್ರಶ್ನೆ: ಉಸಿರು ಯಾವಾಗ ತೆಗೆದುಕೊಳ್ಳಬೇಕು? ಬೆಲ್ಟ್ ಕಟ್ಟಿದರೆ ಬೆನ್ನು ದುರ್ಬಲವಾಗುತ್ತದೆಯೇ? (ಮೈಸೂರು)

ಉತ್ತರ: ರಾಡ್ ಹಿಡಿದು, ಎಳೆಯುವ ಮುನ್ನ ಹೊಟ್ಟೆ ತುಂಬ ಉಸಿರೆಳೆದುಕೊಳ್ಳಿ. ಹೊಟ್ಟೆ ಮುಂದಕ್ಕಷ್ಟೇ ಅಲ್ಲ, ಪಕ್ಕೆಗಳ ಕಡೆಗೂ ಉಬ್ಬಬೇಕು. ಬಗ್ಗಿದಾಗ ಉಸಿರು ಸಾಲದವರು ನಿಂತೇ ಎಳೆದುಕೊಂಡು ಬಗ್ಗಬಹುದು. ಉಸಿರು ಹಿಡಿದೇ ಎತ್ತಿ, ಮೇಲೆ ತಲುಪಿದ ಮೇಲೆ ಅಥವಾ ಇಳಿಸಿದ ಮೇಲೆ ಬಿಡಿ. ಪ್ರತಿ ಸಲವೂ ಹೊಸ ಉಸಿರು ಬೇಕು. ಒಂದೇ ಉಸಿರಿನಲ್ಲಿ ಐದು ಎತ್ತಲು ಹೋದವರಿಗೆ ತಲೆ ಸುತ್ತಿದರೆ ಆಶ್ಚರ್ಯವಿಲ್ಲ. ಉಸಿರು ಕಟ್ಟಿದಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಬಿ.ಪಿ., ಹರ್ನಿಯಾ ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು.

ಬೆಲ್ಟ್ ಬೆನ್ನನ್ನು ನೇರವಾಗಿ ಹಿಡಿದಿಡುವುದಿಲ್ಲ. ಉಬ್ಬಿದ ಹೊಟ್ಟೆಗೆ ಒತ್ತಲು ಒಂದು ಗೋಡೆ ಕೊಡುತ್ತದೆ, ಅಷ್ಟೇ. ಒತ್ತಲು ಕಲಿಯದವರಿಗೆ ಅದರಿಂದ ಲಾಭವಿಲ್ಲ. ಸುತ್ತಲೂ ಒಂದೇ ಅಗಲದ, 10 ಸೆಂ.ಮೀ.ನದು ತೆಗೆದುಕೊಳ್ಳಿ. ಹಿಂದೆ ಅಗಲವಾಗಿ ಮುಂದೆ ಕಿರಿದಾಗುವ ಬೆಲ್ಟ್‌ನಲ್ಲಿ ಹೊಟ್ಟೆಗೆ ಒತ್ತಲು ಜಾಗವೇ ಇರುವುದಿಲ್ಲ. ಒಂದು ಬೆರಳು ತೂರುವಷ್ಟು ಬಿಗಿ ಸಾಕು. ಬಗ್ಗಿದಾಗ ಸೊಂಟದ ಮೂಳೆಗೆ ಚುಚ್ಚಿದರೆ ಒಂದೆರಡು ಸೆಂ.ಮೀ. ಮೇಲಕ್ಕೆ ಕಟ್ಟಿ. ತಯಾರಿಯ ಹಗುರ ಸೆಟ್‌ಗಳು ಬೆಲ್ಟ್ ಇಲ್ಲದೆಯೇ ಆಗಲಿ.

ಪ್ರಶ್ನೆ: ಬೆನ್ನು, ಕಾಲಿಗೆ ಶಕ್ತಿ ಇದೆ, ಆದರೆ ರಾಡ್ ಕೈಯಿಂದ ಜಾರುತ್ತದೆ. ಟಾಲ್ಕಂ ಪೌಡರ್ ಹಚ್ಚಿದರೂ ಪ್ರಯೋಜನವಿಲ್ಲ. (ಮಂಗಳೂರು)

ಉತ್ತರ: ಟಾಲ್ಕಂ ಹಚ್ಚಿದ್ದರಿಂದಲೇ ಜಾರುತ್ತಿದೆ! ಕೈಗೆ ಬೇಕಾದದ್ದು ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಅದು ಬೆವರು ಹೀರುತ್ತದೆ. ಕರಾವಳಿಯ ಸೆಕೆಯಲ್ಲಿ ಪ್ರತಿ ಸೆಟ್‌ಗೂ ಕೈ ಒರೆಸಿ ಮತ್ತೆ ಹಚ್ಚಬೇಕಾದೀತು. ಪವರ್‌ಲಿಫ್ಟರ್‌ಗಳು (ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್‌ಗಳಲ್ಲಿ ಸ್ಪರ್ಧಿಸುವವರು) ಪೌಡರ್ ಹಚ್ಚುವುದು ತೊಡೆಗೆ, ರಾಡ್ ನುಣುಪಾಗಿ ಮೇಲೇರಲಿ ಎಂದು.

ರಾಡನ್ನು ಅಂಗೈಯ ನಡುವೆ ಹಿಡಿಯದೆ ಬೆರಳುಗಳ ಬುಡದಲ್ಲಿ ಹಿಡಿಯಿರಿ. ಅಂಗೈಯಲ್ಲಿ ಹಿಡಿದರೆ ಎಳೆಯುವಾಗ ಜಾರಿ ಬೆರಳಿಗೇ ಬರುತ್ತದೆ, ಜೊತೆಗೆ ಜಡ್ಡುಗಟ್ಟಿದ ಚರ್ಮವನ್ನೂ ಕಿತ್ತು ತರುತ್ತದೆ. ಸಾಧ್ಯವಾದಷ್ಟು ಸೆಟ್‌ಗಳಲ್ಲಿ ಎರಡೂ ಅಂಗೈ ನಿಮ್ಮ ಕಡೆಗಿರಲಿ. ಅದು ಸೋತ ಮೇಲೆ ದಾರಿ ಮೂರು. ಒಂದು ಅಂಗೈ ಮುಂದಕ್ಕೆ ತಿರುಗಿಸುವ ಮಿಕ್ಸ್ಡ್ ಗ್ರಿಪ್ ತಕ್ಷಣ ಫಲ ಕೊಡುತ್ತದೆ. ಆದರೆ ಹಾಗೆ ತಿರುಗಿಸಿದ ಕೈಯ ಮೊಣಕೈ ಮಡಚಿ ಎಳೆದರೆ ಬೈಸೆಪ್ಸ್ ಸ್ನಾಯುರಜ್ಜು ಹರಿಯುವ ಅಪಾಯವಿದೆ. ತೋಳು ಸಡಿಲವಾಗಿ ನೇರ ಇರಲಿ, ಕೈ ಬದಲಿಸುತ್ತಿರಿ. ಹೆಬ್ಬೆರಳನ್ನು ರಾಡಿಗೆ ಸುತ್ತಿ ಉಳಿದ ಬೆರಳುಗಳಿಂದ ಅದನ್ನು ಅದುಮುವ ಹುಕ್ ಗ್ರಿಪ್‌ನಲ್ಲಿ ಆ ಭಯವಿಲ್ಲ, ಆದರೆ ಮೊದಲ ಕೆಲವು ವಾರ ಹೆಬ್ಬೆರಳು ಚೆನ್ನಾಗಿಯೇ ನೋಯುತ್ತದೆ. ಮೂರನೆಯದು ಸ್ಟ್ರಾಪ್, ಅಂದರೆ ಮಣಿಕಟ್ಟಿಗೆ ಕಟ್ಟಿ ರಾಡಿಗೆ ಸುತ್ತುವ ಪಟ್ಟಿ. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ, ಬಗೆಬಗೆಯ ಭಾರ ಎತ್ತುವ, ಹೊರುವ ಸ್ಟ್ರಾಂಗ್‌ಮ್ಯಾನ್ ಸ್ಪರ್ಧೆಗಳಲ್ಲಿ ಇದೆ. 2016ರಲ್ಲಿ ಬ್ರಿಟನ್ನಿನ ಎಡ್ಡಿ ಹಾಲ್ ಮೊದಲ ಬಾರಿಗೆ 500 ಕೆ.ಜಿ. ಎತ್ತಿದ್ದು ಸ್ಟ್ರಾಪ್ ಕಟ್ಟಿಯೇ.

ಪ್ರಶ್ನೆ: ನಮ್ಮ ಕಡೆ ಜಾತ್ರೆಯಲ್ಲಿ ಗುಂಡು ಕಲ್ಲು ಎತ್ತುವವರು ಬೆನ್ನು ಬಾಗಿಸಿಯೇ ಎತ್ತುತ್ತಾರೆ, ಅವರಿಗೇನೂ ಆಗುವುದಿಲ್ಲ. ಹಾಗಾದರೆ ನೇರ ಬೆನ್ನಿನ ಪಾಠ ಯಾಕೆ? (ಬಾಗಲಕೋಟೆ)

ಉತ್ತರ: ಒಳ್ಳೆಯ ಪ್ರಶ್ನೆ. ಗುಂಡಿಗೆ ಹಿಡಿಕೆಯಿಲ್ಲ. ಕಾಲುಗಳ ನಡುವೆ ಅದನ್ನು ತಬ್ಬಿಕೊಳ್ಳಬೇಕಾದರೆ ಮೇಲ್ಬೆನ್ನು ದುಂಡಗಾಗಲೇಬೇಕು. ಆದರೆ ಗಮನಿಸಿ ನೋಡಿ: ಪಳಗಿದವನ ಬೆನ್ನು ಮೊದಲೇ ಬಾಗಿರುತ್ತದೆ, ಕಲ್ಲು ತೊಡೆಗೆ ಬರುವ ತನಕ ಅದೇ ಬಾಗಿನಲ್ಲಿ ಬಿಗಿದಿರುತ್ತದೆ. ಕಲ್ಲೂ ಮೈಗೆ ಒತ್ತಿಕೊಂಡೇ ಇರುತ್ತದೆ. ನೇರವಾಗಿ ಶುರುವಾದ ಕೆಳಬೆನ್ನು ಭಾರ ಹೊತ್ತ ಮೇಲೆ ಮಧ್ಯದಲ್ಲಿ ಕುಸಿಯುವುದು ಬೇರೆಯದೇ ಸಂಗತಿ, ಪೆಟ್ಟಿನ ಅಪಾಯ ಹೆಚ್ಚುವುದು ಅಲ್ಲಿ. ಕೆಲವು ದೊಡ್ಡ ಪವರ್‌ಲಿಫ್ಟರ್‌ಗಳೂ ಮೇಲ್ಬೆನ್ನನ್ನು ಬೇಕೆಂದೇ ದುಂಡಗೆ ಇಡುತ್ತಾರೆ, ಆದರೆ ಕೆಳಬೆನ್ನು ಬಿಗಿಯಾಗಿರುತ್ತದೆ. ಇನ್ನು ‘ಏನೂ ಆಗುವುದಿಲ್ಲ’ ಎಂಬ ಮಾತು: ಬೆನ್ನು ಹಿಡಿದು ಮನೆಯಲ್ಲಿ ಮಲಗಿದವರು ಜಾತ್ರೆಗೆ ಬರುವುದಿಲ್ಲವಲ್ಲ.

ಪ್ರಶ್ನೆ: ಕಾಲು ಅಗಲಿಸಿ ಎತ್ತುವ ಸುಮೋ ಶೈಲಿ ಮೋಸವೇ? (ಬೆಂಗಳೂರು)

ಉತ್ತರ: ಅಲ್ಲ. ಪವರ್‌ಲಿಫ್ಟಿಂಗ್ ನಿಯಮದಲ್ಲಿ ಎರಡೂ ಶೈಲಿ ಸಲ್ಲುತ್ತವೆ. ಸುಮೋದಲ್ಲಿ ಬೆನ್ನು ಹೆಚ್ಚು ನೆಟ್ಟಗಿರುತ್ತದೆ, ತೊಡೆ ಮತ್ತು ತೊಡೆಸಂದಿಯ ಕೆಲಸ ಹೆಚ್ಚು. ಮಂಡಿ ಪಾದದ ಬೆರಳುಗಳ ದಿಕ್ಕಿನಲ್ಲೇ ಹೊರಗಿರಲಿ; ಒಳಕ್ಕೆ ಬೀಳುತ್ತಿದ್ದರೆ ನಿಲುವಿನ ಅಗಲ ಕಡಿಮೆ ಮಾಡಿ.

ಪ್ರಶ್ನೆ: ಮಾರನೆಯ ದಿನ ಬೆನ್ನು ನೋಯುತ್ತದೆ. ಯಾವ ನೋವಿಗೆ ಹೆದರಬೇಕು? 140 ಎತ್ತುವ ದಿನ ತಯಾರಿ ಹೇಗಿರಬೇಕು? (ಹುಬ್ಬಳ್ಳಿ)

ಉತ್ತರ: ಬೆನ್ನುಮೂಳೆಯ ಎರಡೂ ಬದಿಯ ಮಾಂಸಖಂಡ ಸಮನಾಗಿ ಬಿಗಿದು, ಓಡಾಡಿದಂತೆ ಸಡಿಲಾಗಿ, ಎರಡು ಮೂರು ದಿನದಲ್ಲಿ ಹೋದರೆ ಅದು ಮೈಕೈ ನೋವು. ಒಂದೇ ಕಡೆ ಚುಚ್ಚುವ, ಕಾಲಿಗೆ ಇಳಿಯುವ, ಕೆಮ್ಮಿದರೆ ಜಾಸ್ತಿಯಾಗುವ ನೋವು ಇದ್ದರೆ ಭಾರ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಪಾದ ಎತ್ತಲಾಗದಿದ್ದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು.

140ಕ್ಕೆ: 60 ಕೆ.ಜಿ. ಐದು ಸಲ, 80 ನಾಲ್ಕು, 100 ಮೂರು, 115 ಎರಡು, 130 ಒಂದು, ಆಮೇಲೆ 140. ಕೊನೆಯ ಮೂರರ ನಡುವೆ ಮೂರರಿಂದ ಐದು ನಿಮಿಷ ವಿಶ್ರಾಂತಿ ಇರಲಿ. 60ನ್ನೂ 140ರ ಹಾಗೆಯೇ ಸಡಿಲ ತೆಗೆದು, ಉಸಿರು ಕಟ್ಟಿ ಎತ್ತಿ. ಮೆತ್ತನೆ ಅಡಿಯ ಓಟದ ಶೂ ಬಿಚ್ಚಿಡಿ, ತೆಳು ಅಡಿಯದ್ದು ಹಾಕಿ. ಇಷ್ಟು ಭಾರ ವಾರಕ್ಕೊಮ್ಮೆ ಸಾಕು. ಎರಡನೇ ದಿನ ಬೇಕೆಂದರೆ 95–100 ಕೆ.ಜಿ. ಮೀರಬೇಡಿ. 130ರಲ್ಲೇ ರಾಡ್ ಕಣಕಾಲು ಬಿಟ್ಟು ಮುಂದೆ ಹೋಯಿತೆಂದರೆ ಆ ದಿನ 140 ಹಾಕಬೇಡಿ, 110ಕ್ಕೆ ಇಳಿದು ಎರಡು ಸೆಟ್ ಮಾಡಿ ಮನೆಗೆ ಹೋಗಿ.