ಲೆನ್ಸ್ ಆಮೇಲೆ, ಮೊದ್ಲು ಕಿಟಕಿ ತೆಗೀರಿ

ಸಣ್ಣ ವಿಮಾನದಲ್ಲಿ ಕೂತು ಬೆಟ್ಟ, ನದಿ, ಮರಳುದಿಣ್ಣೆ ಶೂಟ್ ಮಾಡೋರ ಪ್ರಶ್ನೆಗಳು ಈ ಸಲನೂ ರಾಶಿ ಬಿದ್ದಿವೆ, ಅರ್ಧಕ್ಕರ್ಧ ಹಳೇವೇ. ಐಎಸ್‌ಒ ಅಂದ್ರೇನು, ರಾ ಫೈಲ್ ಯಾಕೆ ಅಂತ ಕೇಳಿದೋರಿಗೆ ಇಲ್ಲಿ ಉತ್ತರ ಇಲ್ಲ. ಅದನ್ನ ನೆಲದ ಮೇಲೇ ಕಲ್ತು ಬನ್ನಿ, ಮೇಲೆ ಹೋದ್ಮೇಲೆ ಬಾಡಿಗೆ ಮೀಟರ್ ಓಡ್ತಿರತ್ತೆ.

ಪ್ರಶ್ನೆ: ಸೆಸ್ನಾ 172 ಅನ್ನೋ ಸಣ್ಣ ವಿಮಾನದಲ್ಲಿ ಹೋಗಿ ಅಳಿವೆಯ ಫೋಟೋ, ವಿಡಿಯೋ ಎರಡೂ ತೆಗ್ದೆ. ಫೋಟೋ ಎಲ್ಲಾ ಮಂಕು, ಶಾರ್ಪ್ ಇಲ್ಲ. ವಿಡಿಯೋ ಜೆಲ್ಲಿ ಥರ ಅಲ್ಲಾಡತ್ತೆ. ಹೊಸ ಲೆನ್ಸ್ ತಗೋಬೇಕಾ, ಗಿಂಬಲ್ (ಕ್ಯಾಮೆರಾ ಅಲ್ಲಾಡದಂತೆ ಹಿಡಿಯೋ ಮೋಟಾರಿನ ಹಿಡಿ) ತಗೋಬೇಕಾ?

ಎರಡೂ ಬೇಡ. ನೀವು ಕಳಿಸಿದ ಮೂರನೇ ಫೋಟೋದಲ್ಲಿ ನೀರಿನ ಮೇಲೆ ನಿಮ್ಮದೇ ಚೆಕ್ಸ್ ಶರ್ಟಿನ ತೋಳು ತೇಲ್ತಿದೆ, ನೋಡಿದ್ರಾ? ಅಂದ್ರೆ ಕಿಟಕಿ ಮುಚ್ಕೊಂಡೇ ತೆಗ್ದಿದೀರಿ. ಅದು ಗಾಜಲ್ಲ ಸ್ವಾಮಿ, ಅಕ್ರಿಲಿಕ್ ಪ್ಲಾಸ್ಟಿಕ್ಕು, ಸ್ವಲ್ಪ ಬಾಗಿರತ್ತೆ, ವರ್ಷಗಟ್ಟಲೆ ಒರೆಸಿ ಒರೆಸಿ ಗೀರು ಬಿದ್ದಿರತ್ತೆ, ಅದರ ಹಿಂದೆ ಎಂಥಾ ಲೆನ್ಸ್ ಹಿಡಿದ್ರೂ ಅಷ್ಟೇ. 172ರ ಕಿಟಕಿಗೆ ಮೇಲ್ಗಡೆ ಕೀಲು ಇರತ್ತೆ, ಒಂದು ಸಣ್ಣ ಕಡ್ಡಿ ಅದನ್ನ ಗೇಣುದ್ದಕ್ಕೆ ತಡೆದಿರತ್ತೆ. ಆ ಕಡ್ಡಿಯ ಸ್ಕ್ರೂ ಬಿಚ್ಚಿದ್ರೆ ಹಾರೋವಾಗ ಗಾಳಿನೇ ಕಿಟಕೀನ ಎತ್ತಿ ರೆಕ್ಕೆಯ ಅಡಿಗೆ ಒತ್ತಿ ಹಿಡ್ಕೊಳತ್ತೆ, ಯಾರೂ ಹಿಡೀಬೇಕಿಲ್ಲ. ಬಿಚ್ಚೋದು ವಿಮಾನ ಬಾಡಿಗೆಗೆ ಕೊಡೋರ ಕೆಲಸ, ನೀವು ಸ್ಕ್ರೂಡ್ರೈವರ್ ತಗೊಂಡು ಹೋಗ್ಬೇಡಿ. ಎಲ್ಲಾ 172ರಲ್ಲೂ ಬಲಗಡೆ ಕಿಟಕಿ ತೆರ್ಕೊಳಲ್ಲ, ಹಾಗಾಗಿ ಬುಕ್ ಮಾಡೋವಾಗ್ಲೇ ಕೇಳಿ.

ಕಿಟಕಿ ತೆಗೆದ್ಮೇಲೆ ಇನ್ನೊಂದು ತಪ್ಪು ಮಾಡ್ತಾರೆ, ನಾನೂ ಮಾಡಿದೀನಿ. ಲೆನ್ಸಿನ ಮೂತಿ ಹೊರಗೆ ಹಾಕೋದು. ನನ್ನ ಲೆನ್ಸ್ ಹುಡ್, ಅಂದ್ರೆ ಲೆನ್ಸ್ ತುದಿಗೆ ಹಾಕೋ ನೆರಳಿನ ಕೊಳವೆ, ಕಣ್ಣೆದುರಿಗೇ ತಿರುಗಿ ಕಳಚ್ಕೊಂಡು ಹಿಂದಕ್ಕೆ ಹೋಯ್ತು, ಬಾಲಕ್ಕೆ ಬಡೀಲಿಲ್ಲ ಅನ್ನೋದು ಪುಣ್ಯ. ಆವತ್ತು ಪೈಲಟ್ ನನ್ನ ನೋಡಿದ ನೋಟ ಇನ್ನೂ ಮರ್ತಿಲ್ಲ. ಹುಡ್ ತೆಗ್ದು ಬ್ಯಾಗಿಗೆ ಹಾಕಿ, ಸ್ಟ್ರಾಪ್ ಕೈಗೆ ಸುತ್ಕೊಳ್ಳಿ, ಜೇಬಲ್ಲಿ ಪೆನ್ನೂ ಬೇಡ, ಲೆನ್ಸು ಒಳಗೇ ಇರ್ಲಿ.

ಈಗ ನಡುಕದ ವಿಷ್ಯ. ವಿಮಾನ ಜೋರಾಗಿ ಓಡತ್ತೆ ಅದಕ್ಕೇ ಬ್ಲರ್ ಅಂತ ಎಲ್ರೂ ಅನ್ಕೊಳ್ತಾರೆ. ಲೆಕ್ಕ ಹಾಕಿ ನೋಡಿ, 80 ನಾಟ್ ಅಂದ್ರೆ ಸೆಕೆಂಡಿಗೆ ಸುಮಾರು 41 ಮೀಟರ್, 1/1000 ಸೆಕೆಂಡಲ್ಲಿ ನೀವು ಮುಂದೆ ಹೋಗೋದು 4 ಸೆಂಟಿಮೀಟರ್. 600 ಮೀಟರ್ ದೂರದ ಮರಳಿಗೆ, 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸಿಗೆ ಅದು ಒಂದು ಪಿಕ್ಸೆಲ್ಲೂ ಆಗಲ್ಲ. ಕಾಟ ಕೊಡೋದು ಎಂಜಿನ್ನು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2300 ಸುತ್ತು ತಿರುಗೋವಾಗ ಸೆಕೆಂಡಿಗೆ 77 ಸಲ ಗುದ್ದತ್ತೆ. ಲೆನ್ಸಿನ ಸ್ಟೆಬಿಲೈಸರ್ ಮಾಡಿರೋದು ಕೈ ನಡುಕದಂಥ ನಿಧಾನದ ಅಲುಗಾಟಕ್ಕೆ, ಈ ಗುದ್ದಿಗಲ್ಲ. ನೀವು ಮೊಣಕೈನ ಬಾಗಿಲ ಚೌಕಟ್ಟಿಗೆ ಊರಿ ಕೂತಿದ್ರಿ ಅಂತ ಬರ್ದಿದೀರಿ, "ಗಟ್ಟಿಯಾಗಿ ಹಿಡಿಯೋಕೆ" ಅಂತೆ! ಆ 77 ಗುದ್ದನ್ನೂ ಸೀದಾ ಕ್ಯಾಮೆರಾಕ್ಕೆ ತಂದ್ಕೊಂಡ್ರಿ ಅಷ್ಟೇ. ಮೊಣಕೈ ಪಕ್ಕೆಗೆ ಒತ್ಕೊಳ್ಳಿ, ಬೆನ್ನು ಸೀಟಿಂದ ಒಂದಿಷ್ಟು ಮುಂದೆ, ವಿಮಾನಕ್ಕೆ ತಾಗಿರೋದು ನಿಮ್ಮ ಕೂರೋ ಭಾಗ ಮಾತ್ರ ಇರ್ಲಿ, ಮೈ ಮಾಂಸನೇ ಒಳ್ಳೇ ಶಾಕ್ ಅಬ್ಸಾರ್ಬರ್. ಶಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಮಾಡ್ಬೇಡಿ, ಐಎಸ್‌ಒ ಏರಿದ್ರೆ ಏರ್ಲಿ, ನಾಯ್ಸ್ (ಫೋಟೋದ ಕಾಳು ಕಾಳು ಚುಕ್ಕೆ) ತೆಗೀಬಹುದು, ಬ್ಲರ್ ತೆಗೆಯೋಕಾಗಲ್ಲ.

ವಿಡಿಯೋಗೆ ಇದೇ ಮದ್ದು ಪೂರ್ತಿ ನಡೆಯಲ್ಲ. ಸೆನ್ಸರ್ ಚಿತ್ರಾನ ಸಾಲು ಸಾಲಾಗಿ ಓದತ್ತೆ, ಒಂದು ಸಾಲು ಓದಿ ಮುಂದಿಂದಕ್ಕೆ ಹೋಗೋದ್ರೊಳಗೆ ಕ್ಯಾಮೆರಾ ಅದುರಿರತ್ತೆ, ಅದೇ ಜೆಲ್ಲಿ. ಶಟರ್ ವೇಗ ಜಾಸ್ತಿ ಮಾಡಿದ್ರೆ ಜೆಲ್ಲಿ ಹೋಗಲ್ಲ, ಇನ್ನೂ ಸ್ಪಷ್ಟವಾಗಿ ಕಾಣತ್ತೆ. 24 ಅಥವಾ 35 ಎಂಎಂ ಲೆನ್ಸ್ ಹಾಕಿ, ಜೂಮ್ ಮುಟ್ಬೇಡಿ, ಸೆಕೆಂಡಿಗೆ 50 ಇಲ್ಲಾ 60 ಫ್ರೇಮಲ್ಲಿ ತೆಗ್ದು ಆಮೇಲೆ ನಿಧಾನ ಮಾಡಿ. ಗಿಂಬಲ್ ಮೂತಿ ಗಾಳಿಗೆ ಸಿಕ್ರೆ ಮೋಟಾರು ಒದ್ದಾಡತ್ತೆ, ಅದಕ್ಕೇ ಬೇಡ ಅಂದಿದ್ದು.

ಪ್ರಶ್ನೆ: ಮಬ್ಬು ಕತ್ತರಿಸೋ ಯುವಿ ಫಿಲ್ಟರ್ ಯಾವುದು ಒಳ್ಳೇದು?

ಯಾವುದೂ ಅಲ್ಲ. ಡಿಜಿಟಲ್ ಸೆನ್ಸರ್ ಮುಂದೆ ಯುವಿ ತಡೆಯೋ ಪದರ ಆಗ್ಲೇ ಇರತ್ತೆ, ಅದನ್ನ ಮಾರೋನು ನಿಮ್ಮ ಜೇಬು ಕತ್ತರಿಸ್ತಾನೆ. ಮಬ್ಬು ಅಂದ್ರೆ ನಿಮಗೂ ನೆಲಕ್ಕೂ ನಡುವೆ ಇರೋ ಗಾಳಿ, ಅದನ್ನ ಕಮ್ಮಿ ಮಾಡೋಕೆ ಬೆಳಿಗ್ಗೆ ಬೇಗ ಹೋಗಿ, ಹತ್ತಿರ ಹೋಗಿ.

ಪ್ರಶ್ನೆ: ಪ್ರತಿಫಲನ ಕಮ್ಮಿ ಮಾಡೋ ಪೋಲರೈಸರ್ ಫಿಲ್ಟರ್ ಹಾಕ್ಬಹುದಾ?

ಮುಚ್ಚಿದ ಕಿಟಕಿ ಹಿಂದೆ ಹಾಕಿದ್ರೆ ಪ್ಲಾಸ್ಟಿಕ್ಕಿನ ಒತ್ತಡದ ಗೆರೆಗಳೆಲ್ಲಾ ಕಾಮನಬಿಲ್ಲಾಗಿ ಕಾಣ್ತವೆ, ಬೇಕಿದ್ರೆ ಹಾಕ್ಕೊಳ್ಳಿ.

ಪ್ರಶ್ನೆ: ಡ್ರೋನ್ ಇರೋವಾಗ ವಿಮಾನ ಯಾಕೆ?

ಬಹಳಷ್ಟು ದೇಶಗಳಲ್ಲಿ ಡ್ರೋನಿಗೆ ಸಾಮಾನ್ಯ ಮಿತಿ 120 ಮೀಟರ್. ಇಡೀ ಅಳಿವೆ ಒಂದೇ ಫ್ರೇಮಲ್ಲಿ ಬೇಕು ಅಂದ್ರೆ ಸಾಲಲ್ಲ.

ಪ್ರಶ್ನೆ: ನೇರ ಕೆಳಗಿನ ದೃಶ್ಯ ಬೇಕು, ಇನ್ನೂ ವಾಲಿಸಿ, ಇನ್ನೂ ನಿಧಾನ ಅಂತ ಪೈಲಟ್‌ಗೆ ಹೇಳಬಹುದಾ?

ಈ ಪ್ರಶ್ನೆ ನೋಡಿದ್ರೆ ನಂಗೆ ಹೊಟ್ಟೆ ತೊಳಸತ್ತೆ. ವಾಲಿಸೋದು, ನಿಧಾನ ಮಾಡೋದು ಎರಡನ್ನೂ ಒಟ್ಟಿಗೆ ಕೇಳ್ಬೇಡಿ. ಎತ್ತರ ಬಿಡದೆ 30 ಡಿಗ್ರಿ ವಾಲಿದ್ರೆ ಸ್ಟಾಲ್ ಸ್ಪೀಡ್, ಅಂದ್ರೆ ರೆಕ್ಕೆ ಕೈಬಿಡೋ ವೇಗ, 7 ಶೇಕಡ ಏರತ್ತೆ, 45ಕ್ಕೆ 19, 60ಕ್ಕೆ 41 ಶೇಕಡ. ಅಲಾಸ್ಕಾದ ಕಡೆ ಇದಕ್ಕೆ ಮೂಸ್ ಸ್ಟಾಲ್ ಅಂತ ಹೆಸರೇ ಇದೆ, ಮೂಸ್ ಅಂದ್ರೆ ದೊಡ್ಡ ಜಾತಿಯ ಜಿಂಕೆ, ಕೆಳಗಿರೋ ಆ ಪ್ರಾಣಿ ನೋಡ್ತಾ ಕೆಳಮಟ್ಟದಲ್ಲಿ ಬಿಗಿಯಾಗಿ ಸುತ್ತು ಹಾಕಿ ಹಾಕಿ ನೆಲಕ್ಕೆ ಬಿದ್ದೋರು ಇದಾರೆ. ಕೆಳಗೆ ನೋಡೋದು ನಿಮ್ಮ ಕೆಲಸ, ಪೈಲಟ್ ಕಣ್ಣು ಮುಂದೆನೇ ಇರ್ಬೇಕು. ನಿಮಗೆ ಬೇಕಾಗಿರೋದನ್ನ ನೆಲದ ಮೇಲೆ ಕಾಗದದಲ್ಲಿ ಗೀಚಿ ತೋರ್ಸಿ. ಮೇಲೆ ಹೋದ್ಮೇಲೆ ಅವ್ರು "ಆಗಲ್ಲ" ಅಂದ್ರೆ ಆಗಲ್ಲ, ಯಾಕೆ ಅಂತ ಇಳಿದ್ಮೇಲೆ ಕೇಳಿ. ಹಾಂ, ಸಕತ್ತಾಗಿ ಬಂತು ನೋಡಿ ಅಂತ ಕ್ಯಾಮೆರಾ ಸ್ಕ್ರೀನ್ ಅವರ ಮುಖದ ಮುಂದೆ ಹಿಡಿಯೋದೂ ಇಳಿದ್ಮೇಲೇ.